ನಳದ ಬುಡಕ್ಕ ಗಂಗಾಳ

ಗಂಟಿಕೇರಿ ಓಣ್ಯಾಗ ಎಂಟು ದಿನಕ್ಕೊಮ್ಮೆ ನಳ ಬರತೈತಿ.
ಯಾವ ದಿನ ಅಂದ್ರ ಹೇಳಬಹುದು, ಯಾವ ತಾಸು ಅಂದ್ರ
ವಾಲ್ವ್ ತಿರುವೂ ಯಮನೂರಪ್ಪಗೂ ಗೊತ್ತಿಲ್ಲ.
ಅದಕ್ಕ ಬಾಜೂ ಮನಿ ಜನ್ನತಬಿ ನಳ ಬಿಚ್ಚಿಟ್ಟು
ಬುಡಕ್ಕ ಒಂದು ಗಂಗಾಳ ಡಬ್ಬ ಹಾಕಿ ಮಲಗತಾಳ.
ಹನಿ ಬಿತ್ತಂದ್ರ ಗಂಗಾಳ ಕೂಗತೈತಿ,
ಕೊಡಕ್ಕ ಕೊಡ ತಾಗಿ ಓಣಿಗೆ ಓಣಿನ ಏಳತೈತಿ.

ನಂದೂ ಅಂಥಾದ್ದ, ಕಾಯೂ ಕೆಲಸ.
ಹಗಲೆಲ್ಲಾ ಝೆರಾಕ್ಸ್ ಅಂಗಡಿ,
ರಾತ್ರಿ ಹದಿನೇಳು ಪ್ಯಾಕೇಜು.
ಒಂದೂ ನಾ ಬರೆದದ್ದಲ್ಲ. ಮೇಲ್ದಂಡ್ಯಾಗ ಯಾರೋ ಬರದು ಬಿಡತಾರ,
ನಾ ಹಿಡಕೊಂಡು, ಸೋಸಿ, ಚೀಟಿ ಹಚ್ಚಿ
ಕೆಳಗಿನ ಮನಿಗಳಿಗೆ ದಾಟಸತೀನಿ.
ಪಗಾರ ಇಲ್ಲ. ಯಾಕ ಮಾಡತೀ ಅಂತ ಕೇಳಿದ್ರ
ಅದಕ್ಕ ಉತ್ತರಾನೂ ಇಲ್ಲ.

ಅವರೂ ಹೇಳಿ ಬಿಡೂದಿಲ್ಲ.
ಒಬ್ಬಾಕಿ ಶನಿವಾರಕ್ಕೊಮ್ಮೆ,
ಒಬ್ಬಾಂವ ಮಗಳ ಪರೀಕ್ಷಾ ಮುಗದ ಮ್ಯಾಲ.
ಮೊದಲು ದಿನಾ ಹದಿನೇಳೂ ಬಾಗಲಕ್ಕ ಹೋಗಿ
ಇಣುಕಿ, ಬರಿಗೊಡ ಹೊತ್ತು ಬರತಿದ್ದೆ.
ಒಂದು ರಾತ್ರಿ ಜನ್ನತಬಿ ಗಂಗಾಳ ಕೂಗಿದಾಗ
ನಿದ್ದಿಗಣ್ಣಾಗ ಹೊಳೀತು.
ನಾಲ್ಕು ಸಾಲಿನ ಕಡತ ಬರದೆ:
ಈ ವಿಳಾಸಕ್ಕ ಹೋಗು, ಇಂಥ ಹೆಸರಿನ ಗಂಟು ಹುಡುಕು,
ಅಂಕಿ ನಮ್ಮದಕ್ಕಿಂತ ದೊಡ್ಡದಿದ್ರ ನನ್ನ ಎಬ್ಬಿಸು.

ಮೊದಲ ರಾತ್ರಿನ ಎಬ್ಬಿಸ್ತು. ಹೋಗಿ ನೋಡಿದ್ರ
ಅಂಕಿ ಹಿಂದ ಬಾಲ. ಆರ್‌ಸಿ ಒಂದು.
ಅಂದ್ರ ಬಂದಿಲ್ಲ, ಬರೂ ಹಾದ್ಯಾಗ ಐತಿ.
ನಳಾನೂ ಹಂಗ, ಮೊದಲು ಬುಸ್ ಅಂತ ಗಾಳಿ,
ಆಮ್ಯಾಲ ಕೆಂಪು ರಾಡಿ,
ಎರಡು ಕೊಡ ಚೆಲ್ಲಿದ ಮ್ಯಾಲ ನೀರು.
ಗಂಗಾಳಕ್ಕೇನ ಗೊತ್ತು? ಅದಕ್ಕ ಸಪ್ಪಳ ಗೊತ್ತು.
ಬಾಲ ಇದ್ದದ್ದು ಬಿಡು ಅಂತ ಐದನೇ ಸಾಲು ಸೇರಿಸಿದೆ.

ಆಮ್ಯಾಲ ಮೂರು ತಿಂಗಳು ಗಪ್‌ಚಿಪ್.
ಒಂದು ಚುಕ್ಕಿ ಒಂಬತ್ತು ಹಿಡಕೊಂಡು ನಾ ಕುಂತಿದ್ದೆ,
ಮ್ಯಾಲ ಒಂದು ಚುಕ್ಕಿ ಹತ್ತು ಬಂದು ಹಳೇದಾಗಿತ್ತು.
ನನ್ನ ಕಡತ ಅಂಕೀನ ಅಕ್ಷರದಂಗ ಓದಿತ್ತು:
ಹತ್ತರಾಗ ಮೊದಲು ಕಾಣೂದು ಒಂದು,
ಒಂದು ಒಂಬತ್ತಕ್ಕಿಂತ ಸಣ್ಣದು, ಮಲಕೋ.
ಜನ್ನತಬಿ ಬಿದ್ದು ಬಿದ್ದು ನಕ್ಕಳು:
"ಸಾಲಿ ಮುಖ ನೋಡಿಲ್ಲ ನಾ, ರೇಣವ್ವಾ,
ಆದ್ರೂ ಒಂಬತ್ತು ಕೊಡದ ಮ್ಯಾಲಿಂದು ಹತ್ತನೇದ್ದು."

ಈಗ ಎಲ್ಲಾ ಸರಿ ಓದತೈತಿ. ಆದ್ರ ಹದಿನಾರನೇದ್ದು,
ಕನ್ನಡ ಪದ ಸಾಲಿನ ತುದಿಗೆ ಎಲ್ಲಿ ಮುರೀಬೇಕು
ಅಂತ ಹೇಳೂ ಸಣ್ಣ ಯಂತ್ರ,
ಅದರ ಮುಂದ ನಾಲ್ಕು ವರ್ಷದಿಂದ ಒಂದ ಮಾತು:
ಹೊಸದಿಲ್ಲ.
ಬರದಾಂವಗ ಬ್ಯಾಸರಾತೋ,
ಮಾಡೂದೆಲ್ಲಾ ಮಾಡಿ ಮುಗಿಸಿದನೋ,
ಅಂವನ ಇಲ್ಲೋ,
ಮೂರಕ್ಕೂ ಕಡತದ ಉತ್ತರ ಅದ.

ಹೋದ ವಾರ ಎಂಟು ದಿನ ಹನ್ನೊಂದಾತು.
ಗಂಗಾಳ ಒಣಗಿ ಮಲಗಿತ್ತು.
ಜನ್ನತಬಿ ಚಪ್ಪಲಿ ಮೆಟ್ಟಿ ಯಮನೂರಪ್ಪನ ಮನಿಗೆ ಹೋದಳು,
ನೀರಿನ ಮಾತು ಎತ್ತಲಿಲ್ಲ,
ಮೊಣಕಾಲು ಹೆಂಗೈತಿ ಅಂತ ಕೇಳಿ,
ನಾಲ್ಕು ನುಗ್ಗಿಕಾಯಿ ಕೊಟ್ಟು ಬಂದಳು.

ಅವತ್ತ ರಾತ್ರಿ ನಾನೂ ಹದಿನಾರನೇದ್ದರವಗ
ನನ್ನ ಹರಕು ಇಂಗ್ಲಿಷಿನ್ಯಾಗ ಎರಡು ಸಾಲು ಬರದೆ.
ಹೊಸದು ಬಿಡ್ರಿ ಅಂತಲ್ಲ.
ನಿಮ್ಮ ಹಳೇದು ನಮ್ಮ ಊರಾಗ ಇನ್ನೂ ನಡದೈತಿ,
ಲಗ್ನಪತ್ರಿಕಿ ಸಾಲು ಸರಿ ಮುರೀತಾವ,
ಆರಾಮ ಅದೀರೇನು?

ಎರಡೂವರಿಗೆ ಗಂಗಾಳ ಸಪ್ಪಳಾತು.
ಓಣಿ ಎಲ್ಲಾ ಲೈಟು ಹಚ್ಚಿ ಕೊಡ ಹಿಡದು ಹೊರಗ.
ಬೆಕ್ಕು.
ಜನ್ನತಬಿ ಅದಕ್ಕ ಒಂದಿಷ್ಟು ಬೈದು
ಗಂಗಾಳ ಸೆರಗಿಲೆ ಒರಸಿ
ಮತ್ತ ಡಬ್ಬ ಹಾಕಿದಳು.