ನಾಲ್ಕು ನಿಮಿಷ ಮುಂದೆ

ಮಾರಿಕುಪ್ಪಂ ಗಣಿಯ ಟೈಂ ಆಫೀಸಿನಲ್ಲಿ
ಇಪ್ಪತ್ತಾರು ವರ್ಷ ಹಿತ್ತಾಳೆ ಬಿಲ್ಲೆ ಎಣಿಸಿದವನು ನಾನು.
ಅದಕ್ಕೇ ಇರಬೇಕು, ರೈಫಲ್ ಕ್ಲಬ್ಬಿನವರು
ಗುಂಡಿನ ವೇಗ ಅಳೆಯುವ ಯಂತ್ರ ಆರಿಸುವ ಕೆಲಸ
ನನ್ನ ತಲೆಗೇ ಕಟ್ಟಿದರು.
'ಹೊತ್ತು ಕಾಯೋದು ನಿಮಗೇನು ಹೊಸದಾ ಸಾರ್?'

ಮೂರು ಬಗೆ ಉಂಟು.
ಒಂದಕ್ಕೆ ಎರಡು ಕಣ್ಣು, ನಡುವೆ ಎರಡಡಿ.
ಹಾರುವ ಗುಂಡಿನ ನೆರಳು ಮೊದಲ ಕಣ್ಣಿಗೆ ಬಿದ್ದು
ಎರಡನೆಯದಕ್ಕೆ ಬೀಳುವುದರೊಳಗೆ ಲೆಕ್ಕ ಮುಗಿಯಬೇಕು,
ಸೆಕೆಂಡನ್ನು ಸಾವಿರ ಮಾಡಿದರೆ ಒಂದು ಪಾಲೂ ಇಲ್ಲ.
ಅಗ್ಗ. ಆದರೆ ಆಕಾಶದ ಮರ್ಜಿಯ ಪ್ರಾಣಿ:
ಮೋಡಕ್ಕೊಂದು ಮಾತು, ಬಿಸಿಲಿಗೊಂದು ಮಾತು,
ಟ್ಯೂಬ್‌ಲೈಟಿನ ಕೆಳಗೆ ಬರೀ ಬುರುಡೆ.
ಹೊಸಬ ಯಾರೋ ಒಂದು ಗೇಣು ತಗ್ಗಿಸಿ ಹೊಡೆದರೆ
ಯಂತ್ರದ್ದೇ ತಿಥಿ.

ಇನ್ನೊಂದು ನಳಿಗೆಗೇ ಬಿಗಿಯುವಂಥದ್ದು,
ತುಂಟ ಕರುವಿನ ಕೊರಳಿಗೆ ಕಟ್ಟಿದ ಕುಂಟೆಯ ಹಾಗೆ.
ವೇಗ ಸರಿಯಾಗಿ ಹೇಳುತ್ತದೆ,
ಅದರ ಭಾರಕ್ಕೆ ಗುರಿ ಬೇರೆ ಕಡೆ ಹೋಗುತ್ತದೆ.

ಮೂರನೆಯದು ರೇಡಾರು. ಪಕ್ಕದಲ್ಲಿ ಸುಮ್ಮನೆ ಕೂತು
ಹೋದವನ ಬೆನ್ನು ನೋಡಿ ಲೆಕ್ಕ ಹಾಕುತ್ತದಂತೆ.
ಬೆಲೆ ಕೇಳಿ ಅಧ್ಯಕ್ಷರು ಕೆಮ್ಮಿದರು.

ಯಂತ್ರ ಬೇಕಾದದ್ದು ಅರೋಕ್ಯದಾಸನಿಗೆ.
ಲೈಸೆನ್ಸಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಬಿಟ್ಟು
ಕ್ಲಬ್ಬಿನ ತೋಟಾಗಳನ್ನು ಕೈಯಾರೆ ತುಂಬುವವನು.
ರಾಬರ್ಟ್‌ಸನ್‌ಪೇಟೆಯ ಅಕ್ಕಸಾಲಿಯೊಬ್ಬ ಅಂಗಡಿ ಮುಚ್ಚಿದಾಗ
ಕೊಂಡು ತಂದ ತಕ್ಕಡಿ, ಗುಲಗಂಜಿಗೂ ಬಾಗುವಂಥದ್ದು.
ತೂಗುವಾಗ ಫ್ಯಾನು ಬಂದ್, ಮಾತು ಬಂದ್,
ಬಾಗಿಲಲ್ಲಿ ನಿಂತವರ ಉಸಿರೂ ಬಂದ್.
'ಸರಾಸರಿ ನನಗೆ ಬೇಡ' ಎನ್ನುತ್ತಾನೆ,
'ಸರಾಸರಿ ಟೈಂ ಆಫೀಸಿನವರಿಗೆ.
ಹತ್ತು ಹೊಡೆದರೆ, ಎಲ್ಲರಿಗಿಂತ ಮುಂದೆ ಹೋದವನಿಗೂ
ಹಿಂದೆ ಉಳಿದವನಿಗೂ ಅಂತರ ಎಷ್ಟು, ಅಷ್ಟು ಹೇಳು.'

ಹಿಂದೆ ಉಳಿದವನು.
ಒಂದು ಬೆಳಿಗ್ಗೆ ಇವನು ನಾಲ್ಕು ನಿಮಿಷ ತಡ.
ಬಿಲ್ಲೆ ಕೊಡಲಿಲ್ಲ ನಾನು.
ಗೇಟಿನಾಚೆ ನಿಂತು ನನ್ನ ಏಳು ತಲೆಮಾರನ್ನು
ತಮಿಳಿನಲ್ಲಿ, ತೆಲುಗಿನಲ್ಲಿ, ಸಾಲದೆ ಕನ್ನಡದಲ್ಲಿ ಬೈದು ಹೋದ.
ಹತ್ತೂಮುಕ್ಕಾಲಿಗೆ ಕೆಳಗೆ ಬಂಡೆ ಸಿಡಿಯಿತು.
ಮೊದಲು ನಡುಕ, ಆಮೇಲೆ ಸದ್ದು.
ಮೇಜಿನ ಮೇಲಿದ್ದ ಮಸಿಕುಡಿಕೆ ತಾನೇ ನಡೆದು
ಅಂಚಿಗೆ ಬಂದು ನಿಂತಿತು.
ಅವನ ಗ್ಯಾಂಗಿನ ಐದು ಬಿಲ್ಲೆ ಆ ಸಂಜೆ ಹಲಗೆಗೆ ಮರಳಲಿಲ್ಲ.
ಆರನೆಯದು ನನ್ನ ಡ್ರಾಯರಿನಲ್ಲಿತ್ತು.

ಇಷ್ಟು ವರ್ಷದಲ್ಲಿ ಒಮ್ಮೆಯೂ
ಬದುಕಿಸಿದೆ ಅಂದವನಲ್ಲ, ಬೈದದ್ದು ತಪ್ಪು ಅಂದವನಲ್ಲ.
ಎರಡು ಪೆಗ್ಗಿನ ಮೇಲೆ ಅದೇ ಮಾತು:
'ನಾನು ತಡ ಮಾಡಿರಲಿಲ್ಲ ಕಣಯ್ಯ.
ನಿನ್ನ ಗಡಿಯಾರ ನಾಲ್ಕು ನಿಮಿಷ ಮುಂದಿತ್ತು.'

ಇರಬಹುದು.
ಸೋಮವಾರಕ್ಕೊಮ್ಮೆ ಕೀಲಿ ಕೊಡುತ್ತಿದ್ದವನು ನಾನೇ.
ಮುಳ್ಳನ್ನು ಯಾವುದಕ್ಕೆ ಹೋಲಿಸಿ ತಿರುಗಿಸುತ್ತಿದ್ದೆ?
ಸೈರನ್ನಿಗೆ. ಸೈರನ್ ಒತ್ತುವವನು ನೋಡುತ್ತಿದ್ದದ್ದು
ನನ್ನ ಗಡಿಯಾರವನ್ನೇ.

ಕೊನೆಗೆ ಎರಡು ಕಣ್ಣಿನದನ್ನೇ ತಂದೆವು,
ದುಡ್ಡಿದ್ದದ್ದು ಅಷ್ಟಕ್ಕೇ.
ಭಾನುವಾರ, ಸೈನೈಡ್ ದಿಬ್ಬದ ಬುಡದಲ್ಲಿ ಗುರಿಹಲಗೆ,
ಸ್ಟ್ಯಾಂಡಿನ ಮೇಲೆ ಯಂತ್ರ.
ಯಂತ್ರಕ್ಕೆ ಬಿಳಿ ಕೊಡೆ ಹಿಡಿದು ನಿಂತದ್ದು ಯಾಸ್ಮೀನ್,
ನಮ್ಮ ಹದಿನೇಳರ ಚಾಂಪಿಯನ್.
ಅವಳು ಸರಿದಳು. ಅವನು ಹೊಡೆದ.
ಚಿನ್ನವೆಲ್ಲ ಬಸಿದು ಉಳಿದ ಬೂದಿಮಣ್ಣು
ದಿಬ್ಬದಿಂದ ಒಂದು ಹಿಡಿ ಎದ್ದು, ಕೂತಿತು.

ಎರಡು ಸಾವಿರದ ನೂರ ತೊಂಬತ್ತು.
ಮತ್ತೆ ಹೊಡೆದ: ನೂರ ತೊಂಬತ್ತನಾಲ್ಕು.

'ನಾಲ್ಕು' ಅಂದ ಅರೋಕ್ಯದಾಸ್, ಕಿವಿಯ ಹತ್ತಿ ತೆಗೆಯದೆ,
'ನನ್ನ ಕೈಯದಾ? ನಿನ್ನ ಯಂತ್ರದ್ದಾ?'

'ಮೋಡ ಬಂತು' ಅಂದೆ.
ರಿಜಿಸ್ಟರಿನಲ್ಲಿ ಎರಡನ್ನೂ ಬರೆದುಕೊಂಡೆ,
ಸೀಸದಕಡ್ಡಿಯಲ್ಲಿ.
ಅಂಕಿಯನ್ನು ಮಸಿಯಲ್ಲಿ ಬರೆಯುವುದು ಬಿಟ್ಟು ಬಹಳ ವರ್ಷವಾಯಿತು.