ಎಡಗಡಿ ಹಿಂದಿನ ಕಮಾನು

ಸಂತಿ ಇಲ್ಲದ ದಿನ ಬ್ಯಾಡಗಿ ಯಾರ್ಡಿನ್ಯಾಗ
ತಕ್ಕಡಿಗಳು ಖಾಲಿ ಮಲಗಿರತಾವ.
ನಾಲ್ಕು ಎತ್ತಿ ತಂದು, ರಸಮಟ್ಟ ಹಿಡದು,
ಗಾಲಿಗೊಂದರಂಗ ಇಟ್ಟು
ಪದ್ಮಿನಿಯನ್ನ ಮ್ಯಾಲ ಏರಿಸಿದ್ವಿ.
ಎಂಬತ್ತಮೂರರ ಗಾಡಿ. ಹಿಂದಿನ ಸೀಟಿಲ್ಲ, ಗ್ಲಾಸಿಲ್ಲ,
ಬಾಗಲಕ್ಕ ಬೆಸಗಿ.

ಗುಮಾಸ್ತ ಸಂಕಣ್ಣ ಸೀನಕೋತ ಓದಿದ:
ಮುಂದ ಎಡಕ್ಕ ಎರಡನೂರಾ ಒಂದು,
ಬಲಕ್ಕ ಎರಡನೂರಾ ಇಪ್ಪತ್ತು.
ಹಿಂದ ನೂರಾ ಎಂಬತ್ತೆಂಟು, ನೂರಾ ತೊಂಬತ್ತಾರು.
‘ಇದರಾಗ ಒಂದ್ ಕಿಲೋ ಮೆಣಸಿನಕಾಯಿ ಧೂಳ ಹಿಡೀರಿ’ ಅಂದ.
ನಾ ನಗಲಿಲ್ಲ.
ಒಂದು ಕಿಲೋ ಅಂದ್ರ ಒಂದು ಕಿಲೋನ.

ಫಕ್ಕೀರವ್ವ ಟಂಟಂ ಬಾಡಿಗಿ ಹೊಡಿಯಾಕ ಹೋಗಿದ್ಲು.
ಆಕಿ ಸೀಟಿಗೆ ಗೋವಿನಜೋಳದ ಚೀಲ ಕುಂದರಿಸಿ
ಬೆಲ್ಟ್ ಬಿಗದೆ.
ಆಕಿ ಹೇಳಿದ್ದು ಐವತ್ತೆಂಟು.
ನಾ ತುಂಬಿದ್ದು ಅರವತ್ತೊಂದು.

‘ನಾಲ್ಕೂ ಸಮ ಮಾಡಿಬಿಡೂಣಲ್ಲ ಕಾಕಾ?’
ಮೌಲಾಲಿಗೆ ಹದಿನಾರು ವರ್ಷ, ಎಲ್ಲಾ ಸಮ ಬೇಕು.
ಕಣದಾಗ ಹಂತಿ ಹೂಡೂದ ನೋಡಿಯೇನೋ?
ಮೇಟಿ ಬದಿಗೆ ಮುದಿ ಎತ್ತು,
ಹೊರಗಿನ ಸುತ್ತಿಗೆ ಹರೇದ ಹೋರಿ.
ಒಂದ ಹೆಜ್ಜಿ ಹಾಕಿದ್ವೋ, ಹಗ್ಗ ಹರೀತೈತಿ.
ಆಂವ ಕಣಾನ ನೋಡಿಲ್ಲ. ಮಷೀನ್ ನೋಡ್ಯಾನ.
ಹೂಂ ಅಂದ.

ನನ್ನ ಎಡಗಾಲು ಒಂದಿಂಚು ಗಿಡ್ಡ.
ಮೂರನೇ ವರ್ಷಕ್ಕ ಬಂದ ಜ್ವರ
ಹೋಗೂಮುಂದ ಅಷ್ಟು ತಗೊಂಡು ಹೋತು.
ಚಪ್ಪಲಿಗೆ ದುರಗಪ್ಪ ಟೈರಿನ ತುಂಡು ಹಚ್ಚ್ಯಾನ.
ನೆಟ್ಟಗ ನಡಿಯೂಮುಂದ ಊರೆಲ್ಲಾ ನೋಡತೈತಿ,
ಹೊರಳೂಮುಂದ ಯಾರಿಗೂ ತಿಳಿಯೂದಿಲ್ಲ.

ಐತವಾರ. ಮೋಟೆಬೆನ್ನೂರ ದಾರಿ ಬಾಜೂಕ
ಬೀಳು ಬಿಟ್ಟ ಎರಿ ಹೊಲ, ಬಲಕ್ಕ ತಿರುಗೋ ಸುತ್ತು.
ಮುಂಜಾನೆ ಟ್ಯಾಂಕರ್ ನೀರು ಕುಡದ ಮಣ್ಣು
ಬೆಲ್ಲದ ಪಾಕದಂಗ ಗಾಲಿ ಹಿಡಿತಿತ್ತು.
ಒಂದ ತಾಸಿಗೆ ಆರಿ ಹಂಚಾತು.
ಮ್ಯಾಲ ರೊಟ್ಟಿಗೆ ಉದರಿಸಿದ ಹಿಟ್ಟಿನಷ್ಟು ಪುಡಿ,
ಕೆಳಗ ಮಿರಿಮಿರಿ.

ಫಕ್ಕೀರವ್ವ ಒಳಗ ಬಂದ್ಲು.
‘ಕಾಕಾ, ಕುಂಡಿ ಜಾರತೈತಿ.’
ಎಲ್ಲೆ? ಹೊಗೂಮುಂದೋ, ನಡುವೋ, ಬಿಡೂಮುಂದೋ?
ಬಾನೆಟ್ ಧೂಳಿನ್ಯಾಗ ಬೆರಳಿಂದ ತಿರುವು ಬರದು
ಕಡೀಕ ಒಂದು ಚುಕ್ಕಿ ಇಟ್ಲು.
‘ಇಲ್ಲೆ. ಎಕ್ಸಲೇಟರ್ ಕೊಟ್ಟ ಕೂಡ್ಲೆ.’
ಎಷ್ಟು?
‘ಹಾಲು ಉಕ್ಕೂಕಿಂತ ಒಂದ್ ಗಳಿಗಿ ಮೊದಲ ಇರತೈತಲ್ಲ,
ಅಷ್ಟು.’

ಇಪ್ಪತ್ತು ಮಿನಿಟ್ ಇತ್ತು.
ಜ್ಯಾಕ್ ಹಚ್ಚಿದ್ವಿ. ಯು-ಬೋಲ್ಟ್ ಸಡಲಿಸಿ
ನಡುವಿನ ಬೋಲ್ಟ್ ಎಳದು
ಎಡಗಡಿ ಹಿಂದಿನ ಕಮಾನಿನ ಮೂರನೇ ಪಟ್ಟಿ ತಗದೆ.
ಕೈ ಸುಟ್ಟಿತು. ಮೌಲಾಲಿ ಕೈಯೂ ಸುಟ್ಟಿತು,
ಆಂವ ಬಿಡಲಿಲ್ಲ. ಅದನ್ನ ನೋಡಿಕೊಂಡೆ.
ಜ್ಯಾಕ್ ಇಳಿಸಿದ್ರ ಪದ್ಮಿನಿ
ಎಡಕ್ಕ ಒಂದೀಟು ಕುಂತಳು.

ರಾಣೆಬೆನ್ನೂರ ಹುಡುಗ್ರು ನೋಡಿ ಕೇಳಿದ್ರು:
‘ಗಾಡಿಗೂ ಕುಂಟು ಬಂತೇನ್ರಿ ಮೇಸ್ತ್ರಿ?’
ಬಂತು ಅಂದೆ.
ನಟ್ಟಿಗೆ ಇನ್ನೊಂದು ಅರ್ಧ ಸುತ್ತು ಕೊಟ್ಟೆ.

ಎಂಟು ಸುತ್ತು. ನಾ ಗಾಡಿ ನೋಡಲಿಲ್ಲ,
ತಿರುವು ಬಿಡೂ ಜಾಗಾ ನೋಡಿದೆ, ಆ ಚುಕ್ಕಿ.
ಮುಂದಿನವನ ಬಾಲ ಅಲ್ಲೆ ಬೀಸಿ ಹೊಲಕ್ಕ ಬಿತ್ತು.
ಧೂಳಿನ ಗೋಡಿ ಎದ್ದಿತು.
ಒಳಗಿಂದ ಎಂಜಿನ್ ಸಪ್ಪಳ ಬಂತು,
ಒಡೀಲಿಲ್ಲ, ತಡೀಲಿಲ್ಲ,
ಏರಕೋತ, ಏರಕೋತ ಹೋತು.

ನಾಲ್ಕನೇದಾಕಿ ಆದ್ಲು. ಕಪ್ಪು ಮೂರು ಮಂದಿಗಷ್ಟ.
ಹೆಲ್ಮೆಟ್ ತಗದು ಅರ್ಧ ಬಾಟ್ಲಿ ನೀರು ಕುಡದು
ಉಳದದ್ದು ಕುತಗಿಗೆ ಸುರಕೊಂಡ್ಲು.
ಹೆಂಗಿತ್ತು? ಅಂದೆ.
ಬಾಳ ಹೊತ್ತು ವಿಚಾರ ಮಾಡಿದ್ಲು.
‘ಎಡಗಡಿ ಹಿಂದಿನ ಗಾಲಿ
ಐತಿ ಅನ್ನೂದ ನೆನಪಾಗಲಿಲ್ಲ ಕಾಕಾ.’

ನೋಟ್‌ಬುಕ್ಕಿನ್ಯಾಗ ಬರದೆ: ಐತವಾರ, ಮಧ್ಯಾಹ್ನ ಎರಡೂವರಿ,
ಎರಿ, ಒಣಾ. ಎಡ ಹಿಂದ ಐದು ಪಟ್ಟಿ. ಗಾಳಿ ಎರಡು ಪೌಂಡ್ ಕಡಿಮಿ.
ಷರಾ ಅನ್ನೂ ಕಡೆ: ನೆನಪಾಗಲಿಲ್ಲ.

ಮುಂದಿನ ವಾರ ಮಳಿ ಅಂತಾರ.
ತಗದ ಪಟ್ಟಿಗೆ ಎಣ್ಣಿ ಸವರಿ
ಗೋಣಿಚೀಲದಾಗ ಸುತ್ತಿ ಇಟ್ಟೀನಿ.