ಬಹುದು

ಮಂಡ್ಯದ ಕೋರ್ಟಿನ ಹಿಂದೆ, ಝೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ
ಒಂದು ಮೇಜು, ಒಂದು ಕಂಪ್ಯೂಟರು, ನಾನು.
ಇಂಗ್ಲಿಷಿನ ಕಾಗದವನ್ನು ಕನ್ನಡಕ್ಕೆ ಇಳಿಸುವುದು ಕಸುಬು,
ಪುಟಕ್ಕೆ ಅರವತ್ತು ರೂಪಾಯಿ, ಸೀಲು ಬೇರೆ.

ಈವತ್ತು ಮೊದಲು ಬಂದವಳು ಚಿಕ್ಕತಾಯಮ್ಮ,
ಆಲೆಮನೆ ದೊಡ್ಡದು ಮಾಡಲು ಬ್ಯಾಂಕಿನ ಅರ್ಜಿ ಹಿಡಿದು.
ಮೂರನೆಯ ಪುಟದ ನೆತ್ತಿಯ ಮೇಲೆ ಕೂತಿತ್ತು
ಆ ಪದ: ಟ್ಯಾಂಜಿಬಲ್.

ನಿಘಂಟು ತೆಗೆದೆ. ಮೂರ್ತ, ಎಂದಿತು.
ಅವಳಿಗದು ಮುಹೂರ್ತ ಅಂತ ಕೇಳಿಸಿ
"ಸಾಲಕ್ಕೂ ಗಳಿಗೆ ನೋಡ್ತಾರಾ?" ಅಂದಳು.
ಸ್ಪರ್ಶಗ್ರಾಹ್ಯ, ಎಂದಿತು. ಅದನ್ನು ನಾನೇ ಕೈಬಿಟ್ಟೆ.

"ಕೈಗೆ ಸಿಕ್ಕೋದು ಕಣವ್ವ,
ಮುಟ್ಟುದ್ರೆ ಇದೆ ಅಂತ ಗೊತ್ತಾಗೋದು."

ಬೆರಳು ಮಡಚುತ್ತ ಎಣಿಸಿದಳು:
ಕೊಪ್ಪರಿಗೆ ಎರಡು, ಒಂದಕ್ಕೆ ತೇಪೆ.
ಗಾಣ. ಮೋಟಾರು. ಅಚ್ಚಿನ ಮಣೆ ಹದಿನಾಲ್ಕು,
ಇಲ್ಲ, ಹದಿಮೂರು, ಒಂದನ್ನು ಭಾವನ ಮಗ ಒಯ್ದ.
ಆಮೇಲೆ ಹೆಬ್ಬೆರಳಿಗೆ ತೋರುಬೆರಳು ಉಜ್ಜಿ,
"ಹದ?" ಅಂದಳು.

ಕುದಿವ ಪಾಕಕ್ಕೆ ಬೆರಳದ್ದಿ, ತಣ್ಣೀರಿಗಿಟ್ಟು, ಹಿಸುಕಿ,
ಇನ್ನೊಂದುಸಿರು, ಇನ್ನರ್ಧ, ಸಾಕು ಇಳ್ಸಿ
ಅನ್ನುತ್ತ ಬಂದಿದ್ದಾಳೆ ಇಪ್ಪತ್ತೆರಡು ವರ್ಷ.
ಅವಳ ಬೆರಳು ಒಪ್ಪದೆ ಅಲ್ಲಿ ಬೆಲ್ಲ ಬೆಲ್ಲವಾಗದು.

"ಅದು ಬರಲ್ಲ ಕಣವ್ವ ಇದರಲ್ಲಿ."
"ಮುಟ್ಟೇ ತಾನೆ ನೋಡೋದು? ಯಾಕ್ ಬರಲ್ಲ?"
ನನ್ನಲ್ಲಿ ಉತ್ತರವಿರಲಿಲ್ಲ. ಕಾಲಮ್ಮು ಚಿಕ್ಕದು, ಅಂದೆ.
ಟೀ ತರ್ತೀನಿ ಅಂತ ಎದ್ದು ಹೋದಳು.

ಟೈಪಿಸಿದೆ: ಮುಟ್ಟಬಹುದಾದ ಆಸ್ತಿ.
ಕರ್ಸರು ಅಲ್ಲೇ ಮಿಣುಕುತ್ತ ನಿಂತಿತು.

ಇಂಗ್ಲಿಷಿನ ಬಾಲ ಸರಳ, ಕೈಗೆ ಎಟುಕಿದರೆ ಮುಗಿಯಿತು.
ನಮ್ಮ ಬಹುದು ಹಾಗಲ್ಲ.
ಕೈಲಾಗುತ್ತದೆ ಅನ್ನಲಿಕ್ಕೂ ಅದೇ,
ಹೂಂ, ಅಪ್ಪಣೆಯಿದೆ ಅನ್ನಲಿಕ್ಕೂ ಅದೇ.
ಯಾರು ಹೇಳಿದರು, ಯಾರಿಗೆ, ಅದು ತಿಳಿಯದೆ
ಅರ್ಥ ಬಾಯಿ ಬಿಡುವುದಿಲ್ಲ.

ನನ್ನ ತಾತ ಮಂಟಯ್ಯ.
ಊರ ಬಾವಿಗೆ ಕಟ್ಟೆ ಕಟ್ಟುವಾಗ ಕಲ್ಲು ಹೊತ್ತವನು.
ಹೆಗಲಿಗೆ, ಎದೆಗೆ, ಒಮ್ಮೆ ಕಾಲ ಬೆರಳಿಗೂ
ಆ ಕಲ್ಲು ಮುಟ್ಟಿತ್ತು, ಉಗುರು ಹೋಗಿತ್ತು.
ನೀರು ಬಂದ ದಿನ ಪೂಜೆಯಾಯಿತು.
ಕಟ್ಟೆ ಅವನ ಸೊಂಟದೆತ್ತರ,
ಕೈ ಚಾಚಿದರೆ ಮುಟ್ಟಬಹುದಿತ್ತು.
ಮುಟ್ಟಬಾರದು, ಅಂದರು.
ಕಲ್ಲೂ ಅದೇ, ಕೈಯೂ ಅದೇ.
ಬಿಂದಿಗೆ ಹಿಡಿದು ಅಜ್ಜಿ ದೂರ ನಿಂತಳು,
ಯಾರಾದರೂ ಸೇದಿ ಹುಯ್ಯುವ ತನಕ.

ಕೊನೆಯ ಪುಟಕ್ಕೆ ಬಂದೆ. ಕಂತು ತಪ್ಪಿದರೆ
ಮೇಲೆ ಕಾಣಿಸಿದ್ದೆಲ್ಲವೂ ಮುಟ್ಟುಗೋಲು.
ಆ ಪದಕ್ಕೆ ನಿಘಂಟು ಬೇಕಾಗಲಿಲ್ಲ.
ಹದ ಬರೆಯದಿದ್ದದ್ದೇ ಒಳ್ಳೆಯದಾಯಿತೇನೋ.

ಎರಡು ಲೋಟ ಹಿಡಿದು ಬಂದಳು ಚಿಕ್ಕತಾಯಮ್ಮ.
"ಯಾವೂರು ಮಗ ನಿಂದು?"
ಹೇಳಿದೆ.
"ಅಯ್ಯೋ, ನಮ್ಮತ್ತೆ ತೌರು! ಯಾವ್ ಬೀದಿ?"
ಹೇಳಿದೆ.

ಒಂದುಸಿರು.
ಇನ್ನರ್ಧ.

ಲೋಟವನ್ನು ಮೇಜಿನ ಮೇಲಿಟ್ಟಳು,
ಕೀಬೋರ್ಡಿಗೆ ತಾಗದ ಹಾಗೆ, ಮೆಲ್ಲಗೆ.
ಕೈಗೇ ಕೊಡಬಹುದಿತ್ತು.

ಬಿಸಿ ಇತ್ತು.
ಅದಕ್ಕಿರಬಹುದು.